ದೀಪಕ್ಕೆ ಅಡ್ಡ ಹಿಡಿದ ಕೈ

ಮಕ್ಕಳೇ, ಇವತ್ತು ರಾತ್ರಿ ಒಂದು ಚಿಕ್ಕ ಕೆಲಸ ಮಾಡಿ ನೋಡಿ. ಕೋಣೆಯ ಲೈಟು ಆರಿಸಿ. ಅಮ್ಮನ ಮೊಬೈಲಿನ ಟಾರ್ಚ್ ಹಾಕಿ, ಅದರ ಮೇಲೆ ನಿಮ್ಮ ಬೆರಳುಗಳನ್ನು ಒತ್ತಿ ಇಡಿ. ಬೆರಳು ಒಳಗಿನಿಂದಲೇ ಕೆಂಡದ ಹಾಗೆ ಕೆಂಪಾಗಿ ಕಾಣುತ್ತದೆ. ಟಾರ್ಚಿನ ಬೆಳಕು ಬಿಳಿ, ನಿಮ್ಮ ಬೆರಳು ನಿಮ್ಮ ಮೈಬಣ್ಣದ್ದು. ಹಾಗಾದರೆ ಈ ಕೆಂಪು ಎಲ್ಲಿಂದ ಬಂತು? ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇರುತ್ತವೆ ಎಂದು ವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ನಮ್ಮ ರಕ್ತ ಅದರಲ್ಲಿ ನೀಲಿ ಮತ್ತು ಹಸಿರನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಕೆಂಪನ್ನು ಮಾತ್ರ ಆಚೆ ಹೋಗಲು ಬಿಡುತ್ತದೆ. ಅಷ್ಟೇ ಗುಟ್ಟು.

ಈ ಕೆಂಪನ್ನು ಸುಮಾರು 80 ವರ್ಷಗಳ ಹಿಂದೆ ಒಬ್ಬರು ಬರೀ ನೀರು ಮತ್ತು ಬಣ್ಣದಿಂದ ಕಾಗದದ ಮೇಲೆ ತಂದಿಟ್ಟರು. ಆ ಚಿತ್ರ ನಮ್ಮ ಮೈಸೂರಿನಲ್ಲಿದೆ. ಇಷ್ಟು ವರ್ಷಗಳಲ್ಲಿ ನಾನು ನೋಡಿದ ಚಿತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ನಿಮ್ಮ ಅಜ್ಜ ಅಜ್ಜಿಯರು ಇದನ್ನು ಖಂಡಿತ ನೋಡಿರುತ್ತಾರೆ. ಕ್ಯಾಲೆಂಡರಿನಲ್ಲಿ, ದೀಪಾವಳಿಯ ಶುಭಾಶಯದ ಕಾರ್ಡಿನಲ್ಲಿ, ಮೈಸೂರಿನ ಪ್ರವಾಸ ಮುಗಿಸಿ ಬಂದವರು ತಂದ ಪಟದಲ್ಲಿ. ಸೀರೆ ಉಟ್ಟ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ. ಒಂದು ಕೈಯಲ್ಲಿ ದೀಪ. ಗಾಳಿಗೆ ಆರದಿರಲಿ ಎಂದು ಇನ್ನೊಂದು ಕೈಯನ್ನು ಅಡ್ಡ ಹಿಡಿದಿದ್ದಾಳೆ. ಬೆರಳ ಸಂದಿನಿಂದ ಬೆಳಕು ಸೋರುತ್ತಿದೆ. ಮುಖದ ಮೇಲೆ, ಕೊರಳ ಮೇಲೆ, ಸೀರೆಯ ಮಡಿಕೆಗಳ ಮೇಲೆ ಆ ಬೆಳಕು ಹರಡಿದೆ. ಸುತ್ತಲೂ ಕತ್ತಲು. ಇಷ್ಟೇ ಚಿತ್ರ. ದೇವರಿಲ್ಲ, ರಾಜರಿಲ್ಲ, ಯುದ್ಧವಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ‘ಗ್ಲೋ ಆಫ್ ಹೋಪ್’ ಎಂಬ ಹೆಸರಿದೆ. ನಾವು ‘ಭರವಸೆಯ ಬೆಳಕು’ ಎನ್ನೋಣ.

ಚಿತ್ರ ಇರುವುದು ಜಗನ್ಮೋಹನ ಅರಮನೆಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಅರಮನೆ ಇದು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಈಗಿನ ದೊಡ್ಡ ಅರಮನೆ ಮೇಲೇಳುವವರೆಗೆ ರಾಜಮನೆತನದವರು ಈ ಜಗನ್ಮೋಹನ ಅರಮನೆಯನ್ನೇ ಬಳಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ 1902ರಲ್ಲಿ ನಡೆದದ್ದೂ ಇಲ್ಲಿಯೇ. 1915ರಲ್ಲಿ ಇಲ್ಲಿ ಚಿತ್ರಶಾಲೆ ಆರಂಭವಾಯಿತು. ಇವತ್ತು ಅದರ ಹೆಸರು ಶ್ರೀ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ.

ನನ್ನ ಮೊಮ್ಮಗನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ಅವನಿಗೆ ಒಂಬತ್ತು ವರ್ಷ. ಅದುವರೆಗೆ ಹುಲಿ ಎಲ್ಲಿ, ಆನೆ ಎಲ್ಲಿ ಎಂದು ಪಟಪಟ ಕೇಳುತ್ತಿದ್ದವನು ಬೆಳಕು ಕಡಿಮೆಯಿದ್ದ ಕೋಣೆಯಲ್ಲಿ ಈ ಚಿತ್ರದ ಮುಂದೆ ಗಪ್‌ಚುಪ್ಪಾದ. ಆಮೇಲೆ ಮೆಲ್ಲಗೆ ನನ್ನ ಕೈ ಎಳೆದು, “ತಾತ, ಇದರ ಹಿಂದೆ ಬಲ್ಬು ಇಟ್ಟಿದ್ದಾರಾ?” ಎಂದು ಕೇಳಿದ. ಪಕ್ಕದಲ್ಲಿದ್ದ ಒಬ್ಬ ಹಿರಿಯರು ನಕ್ಕು, “ಎಲ್ಲ ಮಕ್ಕಳೂ ಇದನ್ನೇ ಕೇಳ್ತಾರೆ ಕಣಪ್ಪ” ಎಂದರು.

ಬಲ್ಬು ಇಲ್ಲ. ಹೊಳೆಯುವ ಬಣ್ಣವೂ ಇಲ್ಲ. ಹಾಗಾದರೆ ಬೆಳಕು ಎಲ್ಲಿಂದ ಬಂತು?

ಮೊದಲನೆಯ ಗುಟ್ಟು ಕಾಗದದಲ್ಲಿದೆ. ಇದು ಜಲವರ್ಣದ ಚಿತ್ರ, ಅಂದರೆ ನೀವು ಶಾಲೆಯಲ್ಲಿ ಬಳಸುವ ವಾಟರ್ ಕಲರ್ ಜಾತಿಯದು. ತೈಲವರ್ಣದಲ್ಲಿ ಕಪ್ಪಿನ ಮೇಲೆ ಬಿಳಿಯನ್ನು ದಪ್ಪಗೆ ಬಳಿದು ಬೆಳಕು ತರಬಹುದು; ತಪ್ಪಾದರೆ ಕೆರೆದು ಮತ್ತೆ ಬಳಿಯಬಹುದು. ಜಲವರ್ಣ ಹಾಗಲ್ಲ. ಅದು ತೆಳು, ಗಾಜಿನಂತೆ ಪಾರದರ್ಶಕ. ಬೆಳಕು ಬಣ್ಣವನ್ನು ದಾಟಿ ಹೋಗಿ, ಅಡಿಯ ಬಿಳಿ ಕಾಗದಕ್ಕೆ ತಗುಲಿ, ಮತ್ತೆ ಬಣ್ಣದ ಮೂಲಕವೇ ನಮ್ಮ ಕಣ್ಣಿಗೆ ಬರುತ್ತದೆ. ಆದ್ದರಿಂದ ಎಲ್ಲಿ ಹೆಚ್ಚು ಬೆಳಕು ಬೇಕೋ ಅಲ್ಲಿ ಕಲಾವಿದ ಕಡಿಮೆ ಬಣ್ಣ ಹಾಕಬೇಕು. ಆ ಜಾಗವನ್ನು ಮೊದಲಿನಿಂದ ಕೊನೆಯವರೆಗೂ ಕಾಪಾಡಿಕೊಂಡು ಬರಬೇಕು. ಒಂದು ಹನಿ ಗಾಢ ಬಣ್ಣ ಅಲ್ಲಿ ಬಿದ್ದರೆ ಬಿಳಿ ಪಂಚೆಯ ಮೇಲೆ ಕಾಫಿ ಚೆಲ್ಲಿದಂತೆ. ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ.

ಎರಡನೆಯ ಗುಟ್ಟು ಕತ್ತಲಲ್ಲಿದೆ. ಒಂದೇ ಹಳದಿ ಕಾಗದದಿಂದ ಎರಡು ಚಿಕ್ಕ ಚೌಕ ಕತ್ತರಿಸಿ. ಒಂದನ್ನು ಕಪ್ಪು ಹಾಳೆಯ ಮೇಲೂ ಇನ್ನೊಂದನ್ನು ಬಿಳಿ ಹಾಳೆಯ ಮೇಲೂ ಇಡಿ. ಕಪ್ಪಿನ ಮೇಲಿರುವ ಹಳದಿಯೇ ಹೆಚ್ಚು ಬೆಳ್ಳಗೆ, ಹೆಚ್ಚು ಜೀವಂತವಾಗಿ ಕಾಣುತ್ತದೆ. ಎರಡೂ ಒಂದೇ ಕಾಗದ ಎಂದು ನಿಮಗೆ ಗೊತ್ತು, ಆದರೂ ಕಣ್ಣು ಒಪ್ಪುವುದಿಲ್ಲ. ಕಣ್ಣು ಪಕ್ಕದ ಬಣ್ಣದೊಡನೆ ಹೋಲಿಸಿಯೇ ನೋಡುತ್ತದೆ. ಈ ಚಿತ್ರದಲ್ಲಿ ಅಷ್ಟೊಂದು ಕತ್ತಲು ಇರುವುದು ಅದಕ್ಕೇ.

ಮೂರನೆಯ ಗುಟ್ಟು ಲೆಕ್ಕದ್ದು. ದೀಪದಿಂದ ಒಂದು ಅಡಿ ದೂರದಲ್ಲಿ ಬೀಳುವ ಬೆಳಕನ್ನು 1 ಎಂದು ಇಟ್ಟುಕೊಂಡರೆ, ಎರಡು ಅಡಿ ದೂರದಲ್ಲಿ ಅದು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮೂರು ಅಡಿ ದೂರದಲ್ಲಿ ಒಂಬತ್ತರಲ್ಲಿ ಒಂದು ಭಾಗ. ಬೆಳಕು ಅಷ್ಟು ಬೇಗ ಸೊರಗುತ್ತದೆ. ಚಿತ್ರದಲ್ಲಿ ದೀಪದ ಹತ್ತಿರದ ಮುಖ ಬೆಳಗುತ್ತದೆ, ಸೀರೆಯ ಕೆಳಗಿನ ಮಡಿಕೆಗಳು ಕತ್ತಲಲ್ಲಿ ಕರಗುತ್ತವೆ. ನಮಗೆ ಈ ಲೆಕ್ಕ ಗೊತ್ತಿರಲಿ ಬಿಡಲಿ, ದಿನವೂ ದೀಪ ನೋಡಿದ ಕಣ್ಣಿಗೆ ಗೊತ್ತು. ಲೆಕ್ಕ ಸರಿಯಾಗಿರುವುದರಿಂದಲೇ ಕಣ್ಣು ‘ಇದು ನಿಜವಾದ ದೀಪ’ ಎಂದು ನಂಬುತ್ತದೆ.

ಇಷ್ಟು ಗುಟ್ಟು ಬಿಡಿಸಿದ ಮೇಲೂ ಚಿತ್ರದ ಸೆಳೆತ ಕಡಿಮೆಯಾಗುವುದಿಲ್ಲ. ನನಗೆ ಆಶ್ಚರ್ಯವಾಗುವುದು ಅಲ್ಲಿಯೇ. ಜಾದೂಗಾರನ ಟೋಪಿಯ ಗುಟ್ಟು ತಿಳಿದರೆ ಮರುದಿನ ಆ ಜಾದೂ ಸಪ್ಪೆ. ಈ ಚಿತ್ರ ಹಾಗಾಗಲಿಲ್ಲ.

ಕಾರಣ ಆ ಕೈ ಎಂದು ನನಗೆ ಅನ್ನಿಸುತ್ತದೆ. ಸರಿಯಾಗಿ ನೋಡಿ, ಉರಿಯುವ ಕುಡಿ ಅಂಗೈಯ ಮರೆಯಲ್ಲಿದೆ. ನಮಗೆ ಕಾಣುವುದು ಕುಡಿಯನ್ನು ಕಾಯುತ್ತಿರುವ ಕೈ. ಹಿರಿಯರಿಗೆ ಈ ಕೈಯ ಪರಿಚಯ ಚೆನ್ನಾಗಿದೆ. ನಾನು ಚಿಕ್ಕವನಾಗಿದ್ದಾಗ ನಮ್ಮ ಮನೆಯಲ್ಲಿ ವಿದ್ಯುತ್ ಇರಲಿಲ್ಲ. ಸಂಜೆ ಅಮ್ಮ ದೇವರ ಮನೆಯಲ್ಲಿ ದೀಪ ಹಚ್ಚಿ, ಒಂದು ಹಣತೆಯನ್ನು ತುಳಸಿಕಟ್ಟೆಗೆ ತೆಗೆದುಕೊಂಡು ಹೋಗುತ್ತಿದ್ದಳು. ಹೊಸಿಲು ದಾಟುವಾಗ ತಾನಾಗಿಯೇ ಎಡಗೈ ದೀಪಕ್ಕೆ ಅಡ್ಡ ಬರುತ್ತಿತ್ತು. ನಡಿಗೆ ನಿಧಾನವಾಗುತ್ತಿತ್ತು. ನಾವು ಮಕ್ಕಳು ಎಷ್ಟೇ ಗಲಾಟೆ ಮಾಡುತ್ತಿದ್ದರೂ ಆ ಹತ್ತು ಹೆಜ್ಜೆಯ ಹೊತ್ತು ಸುಮ್ಮನಾಗುತ್ತಿದ್ದೆವು. ಸುಮ್ಮನಿರಿ ಎಂದು ಯಾರೂ ಹೇಳುತ್ತಿರಲಿಲ್ಲ. ಅಮ್ಮ ಉಸಿರನ್ನು ಬಿಗಿ ಹಿಡಿದು ನಡೆಯುವುದು ಕಂಡು ನಮ್ಮ ಉಸಿರೂ ನಿಲ್ಲುತ್ತಿತ್ತು, ಅಷ್ಟೇ.

ಚಿತ್ರದ ಆಕೆ ಯಾರಿಗಾಗಿ ದೀಪ ಹಿಡಿದಿದ್ದಾಳೆ ಎಂದು ನೋಡಿದವರನ್ನು ಕೇಳುವುದು ನನಗೊಂದು ಅಭ್ಯಾಸ. ನಮ್ಮ ಮನೆಯಾಕೆ, “ಮಗು ಮಲಗಿದೆಯಾ ಅಂತ ನೋಡೋಕೆ ಹೊರಟಿದ್ದಾಳೆ” ಎನ್ನುತ್ತಾಳೆ. ಸೈನ್ಯದಲ್ಲಿದ್ದು ನಿವೃತ್ತರಾದ ನನ್ನ ಗೆಳೆಯರೊಬ್ಬರು, “ಬಾಗಿಲು ಬಡಿದ ಸದ್ದಾಗಿದೆ, ಬಂದವರು ಯಾರು ನೋಡ್ತಾಳೆ” ಎಂದರು. ಮೊಮ್ಮಗನ ಉತ್ತರ ಇನ್ನೂ ಸುಲಭ: “ಕರೆಂಟ್ ಹೋಗಿದೆ, ಅದಕ್ಕೆ!” ಯಾರೂ ತಪ್ಪಲ್ಲ. ಕಲಾವಿದ ಬಾಗಿಲನ್ನೂ ಬರೆದಿಲ್ಲ, ತೊಟ್ಟಿಲನ್ನೂ ಬರೆದಿಲ್ಲ. ಆ ಜಾಗದಲ್ಲಿ ನಮ್ಮ ನಮ್ಮ ಮನೆಯನ್ನು ನಾವೇ ಇಟ್ಟುಕೊಳ್ಳುತ್ತೇವೆ.

ಈಗ ಒಂದು ಮುಖ್ಯವಾದ ಮಾತು. ಈ ಚಿತ್ರ ಬರೆದವರು ಯಾರು ಎಂದು ಹತ್ತು ಜನರನ್ನು ಕೇಳಿ ನೋಡಿ. ಹೆಚ್ಚಿನವರು “ರಾಜಾ ರವಿವರ್ಮ” ಎನ್ನುತ್ತಾರೆ. ಅಲ್ಲ.

ಬರೆದವರು ಸಾವಳಾರಾಮ ಲಕ್ಷ್ಮಣ ಹಳದಣಕರ್. ಎಸ್. ಎಲ್. ಹಳದಣಕರ್ ಎಂದೇ ಪ್ರಸಿದ್ಧರು. ಹುಟ್ಟಿದ್ದು 1882ರಲ್ಲಿ, ಮಹಾರಾಷ್ಟ್ರದ ಸಾವಂತವಾಡಿಯಲ್ಲಿ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಅದೇ ಊರಿನಲ್ಲಿ ತಮ್ಮದೇ ಚಿತ್ರಕಲಾ ಶಾಲೆ ತೆರೆದು ನೂರಾರು ಮಕ್ಕಳಿಗೆ ಕಲಿಸಿದ ಮೇಷ್ಟ್ರು ಅವರು. 1918ರಲ್ಲಿ ಆರಂಭವಾದ ‘ಆರ್ಟ್ ಸೊಸೈಟಿ ಆಫ್ ಇಂಡಿಯಾ’ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು. ಈ ಚಿತ್ರ 1945-46ರ ಸುಮಾರಿಗೆ ಬರೆದದ್ದು. ಅವರು ತೀರಿಕೊಂಡದ್ದು 1968ರಲ್ಲಿ.

ರಾಜಾ ರವಿವರ್ಮರು ತೀರಿಕೊಂಡದ್ದು 1906ರಲ್ಲಿ. ಕಳೆಯುವ ಲೆಕ್ಕ ನೀವೇ ಮಾಡಿ. ಈ ಚಿತ್ರ ಹುಟ್ಟುವುದಕ್ಕೆ ಸುಮಾರು 40 ವರ್ಷ ಮೊದಲೇ ರವಿವರ್ಮರು ಇರಲಿಲ್ಲ!

ಜನ ಹೀಗೆ ತಿಳಿದದ್ದಕ್ಕೆ ಕಾರಣವಿದೆ. ರವಿವರ್ಮರು ದೊಡ್ಡ ಕಲಾವಿದರು. ಅವರ ಅಚ್ಚುಕೂಟದಲ್ಲಿ ಮುದ್ರಣವಾದ ಲಕ್ಷ್ಮಿ, ಸರಸ್ವತಿಯರ ಚಿತ್ರಗಳು ಭಾರತದ ಮನೆಮನೆಯ ಗೋಡೆ ಸೇರಿದವು. ಜಗನ್ಮೋಹನ ಅರಮನೆಯಲ್ಲೂ ಅವರ ಮೂಲಚಿತ್ರಗಳಿವೆ. ಹೀಗಾಗಿ ಸೀರೆ ಉಟ್ಟ ಸುಂದರ ಹೆಂಗಸಿನ ಹಳೆಯ ಚಿತ್ರ ಎಲ್ಲಿ ಕಂಡರೂ ಬಾಯಿಗೆ ಅವರ ಹೆಸರೇ ಬರುತ್ತದೆ. ಇದರಲ್ಲಿ ರವಿವರ್ಮರ ತಪ್ಪೇನೂ ಇಲ್ಲ. ಆದರೆ ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಬ್ಬರು ಕಟ್ಟಿದ ಹಣ ಇನ್ನೊಬ್ಬರ ಖಾತೆಗೆ ಜಮಾ ಆಗಿರುವುದನ್ನು ಕಂಡರೆ ನನ್ನಂಥವನಿಗೆ ನಿದ್ದೆ ಬರುವುದಿಲ್ಲ. ಹಣ ಪಡೆದವರು ಎಷ್ಟೇ ಶ್ರೀಮಂತರಿರಲಿ, ಎಷ್ಟೇ ಒಳ್ಳೆಯವರಿರಲಿ, ಕಟ್ಟಿದವರ ಲೆಕ್ಕಕ್ಕೆ ಅದು ಬರಲೇಬೇಕಲ್ಲವೇ?

ಹೀಗೆ ಆಗುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಫ್ರಾನ್ಸಿನ ಪ್ಯಾರಿಸ್ ನಗರದ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ‘ಬಡಗಿ ಸಂತ ಜೋಸೆಫ್’ ಎಂಬ ಚಿತ್ರವಿದೆ. 1640ರ ದಶಕದ್ದು. ಗಡ್ಡ ನರೆತ ಬಡಗಿ ಬಗ್ಗಿ ಮರ ಕೊರೆಯುತ್ತಿದ್ದಾನೆ. ಎದುರಿಗೆ ಬಾಲಕ ಯೇಸು ಮೇಣದ ಬತ್ತಿ ಹಿಡಿದಿದ್ದಾನೆ. ಬತ್ತಿಗೆ ಅಡ್ಡ ಹಿಡಿದ ಪುಟ್ಟ ಬೆರಳುಗಳ ಮೂಲಕ ಬೆಳಕು ಹಾಯ್ದು ಬೆರಳು ಕೆಂಪಾಗಿದೆ! ನಮ್ಮ ಚಿತ್ರದ ಅಣ್ಣನೋ ಅಕ್ಕನೋ ಎನ್ನಬಹುದು. ಅಜ್ಜನ ಕೆಲಸಕ್ಕೆ ಮೊಮ್ಮಗ ಟಾರ್ಚ್ ಹಿಡಿಯುವುದಿಲ್ಲವೇ, ಥೇಟ್ ಹಾಗೆಯೇ ಕಾಣುತ್ತದೆ ಅದು. ಬರೆದವರು ಜಾರ್ಜ್ ದ ಲಾ ಟೂರ್. ಅವರು 1652ರಲ್ಲಿ ತೀರಿಕೊಂಡ ಮೇಲೆ ಜನ ಅವರ ಹೆಸರನ್ನೇ ಮರೆತರು. ಅವರ ಚಿತ್ರಗಳು ಬೇರೆಬೇರೆ ಕಲಾವಿದರ ಹೆಸರಿನಲ್ಲಿ ಗೋಡೆಗಳ ಮೇಲೆ ಕುಳಿತಿದ್ದವು. 1915ರಲ್ಲಿ ಹರ್ಮನ್ ಫಾಸ್ ಎಂಬ ಜರ್ಮನ್ ವಿದ್ವಾಂಸರು ಲೇಖನ ಬರೆದು, ‘ಇವು ಲಾ ಟೂರ್ ಬರೆದವು’ ಎಂದು ಕೆಲವು ಚಿತ್ರಗಳನ್ನು ಗುರುತಿಸಿದರು. ಆಮೇಲೆ ಒಂದೊಂದಾಗಿ ಚಿತ್ರಗಳು ತಮ್ಮ ಯಜಮಾನನ ಹೆಸರಿಗೆ ಮರಳಿದವು. ಅಷ್ಟು ಹೊತ್ತಿಗೆ 250ಕ್ಕೂ ಹೆಚ್ಚು ವರ್ಷ ಕಳೆದಿತ್ತು. ಹಳದಣಕರ್ ಅವರ ಹೆಸರು ನಮಗೆ ಗೊತ್ತಿದೆ. ಅಷ್ಟು ವರ್ಷ ಕಾಯುವ ಅಗತ್ಯ ನಮಗಿಲ್ಲ. ಬಾಯಿಬಿಟ್ಟು ಹೇಳಿದರೆ ಸಾಕು.

ಇನ್ನೊಂದು ಹೆಸರೂ ಇದೆ. ದೀಪ ಹಿಡಿದು ನಿಂತವಳು ಕಲ್ಪನೆಯ ಹೆಣ್ಣಲ್ಲ. ಹಳದಣಕರ್ ಅವರ ಸ್ವಂತ ಮಗಳು, ಗೀತಾ. ಮದುವೆಯ ನಂತರ ಗೀತಾ ಉಪಳೇಕರ್ ಆದ ಅವರು ಕೊಲ್ಹಾಪುರದಲ್ಲಿ ಬಾಳಿ, 2018ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 102 ವರ್ಷ.

ನನಗೆ ಈ ವಿಷಯ ತಿಳಿದ ಮೇಲೆ ಚಿತ್ರ ಬೇರೆಯೇ ಆಗಿ ಕಂಡಿತು. ಅದುವರೆಗೆ ಆಕೆ ಯಾರನ್ನೋ ಕಾಯುತ್ತಿದ್ದಾಳೆ ಎಂದಷ್ಟೇ ಅಂದುಕೊಳ್ಳುತ್ತಿದ್ದೆ. ಈಗ ಚಿತ್ರದ ಹೊರಗೆ, ನಾವು ನಿಂತು ನೋಡುವ ಕಡೆಯಲ್ಲೇ ಕುಂಚ ಹಿಡಿದು ಕುಳಿತ ಒಬ್ಬ ತಂದೆ ಕಾಣಿಸುತ್ತಾರೆ. ಚಿತ್ರಕ್ಕಾಗಿ ಅಲುಗಾಡದೆ ನಿಲ್ಲುವುದು ಸುಲಭವಲ್ಲ ಮಕ್ಕಳೇ. ಬೇಕಾದರೆ ಒಂದು ಲೋಟ ನೀರನ್ನು ಎದೆಯ ಮಟ್ಟಕ್ಕೆ ಹಿಡಿದು ಹತ್ತು ನಿಮಿಷ ನಿಂತು ನೋಡಿ. ಕೈ ನಡುಗುತ್ತದೆ, ಮೂಗು ತುರಿಸುತ್ತದೆ, ನಗು ಬರುತ್ತದೆ. ಅಪ್ಪನ ಕೆಲಸ ಕೆಡಬಾರದು ಎಂದು ಮಗಳು ನಿಲ್ಲಬೇಕು. ಮಗಳ ಕೈ ನೋಯುವ ಮೊದಲು ಮುಗಿಸಬೇಕು ಎಂದು ಅಪ್ಪ ಬರೆಯಬೇಕು. ಅದೂ ಒಂದು ಹನಿ ತಪ್ಪಿದರೂ ತಿದ್ದಲಾಗದ ನೀರಿನ ಬಣ್ಣದಲ್ಲಿ!

ಚಿತ್ರದ ಹುಡುಗಿಗೆ ವಯಸ್ಸಾಗುವುದಿಲ್ಲ. ದೂರದ ಕೊಲ್ಹಾಪುರದಲ್ಲಿ ಗೀತಾ ಅವರ ಕೂದಲು ನರೆಯಿತು, ಮುಖದಲ್ಲಿ ಸುಕ್ಕು ಮೂಡಿತು, ನೂರು ವರ್ಷ ತುಂಬಿತು. ಮೈಸೂರಿನಲ್ಲಿ ಅದೇ ಗೀತಾ ಅಂದಿನ ಹಾಗೆಯೇ ದೀಪ ಹಿಡಿದು ನಿಂತೇ ಇದ್ದರು. ಎಷ್ಟೋ ಜನ ಅವರ ಮುಂದೆ ನಿಂತು ‘ಯಾರಪ್ಪಾ ಈ ಹುಡುಗಿ’ ಎಂದು ಕೇಳಿಕೊಂಡು ಹೋದರು. ಉತ್ತರ ಕೊಡಬಲ್ಲ ಅಜ್ಜಿ ಬದುಕಿಯೇ ಇದ್ದರು! ಮನೆಯಲ್ಲಿ ಅಜ್ಜಿಯ ಹಳೆಯ ಫೋಟೋ ನೋಡಿ “ಇದು ನೀನಾ ಅಜ್ಜೀ?” ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತೀರಲ್ಲ, ಹಾಗೆ ಕೇಳಬಹುದಾಗಿದ್ದ ಅಜ್ಜಿ.

ಕೊನೆಯದಾಗಿ ಒಂದು ವಿಚಿತ್ರ ಹೇಳುತ್ತೇನೆ. ಬೆಳಕನ್ನು ಇಷ್ಟು ಚೆನ್ನಾಗಿ ತೋರಿಸುವ ಚಿತ್ರಕ್ಕೆ ಬೆಳಕೇ ಶತ್ರು. ಜಲವರ್ಣದ ಮೇಲೆ ಬಿಸಿಲು ಅಥವಾ ಪ್ರಖರವಾದ ದೀಪ ಬಹಳ ಕಾಲ ಬಿದ್ದರೆ ಬಣ್ಣ ಮಾಸುತ್ತದೆ, ಕಾಗದ ಹಳದಿಯಾಗುತ್ತದೆ. ಜಗತ್ತಿನ ಎಲ್ಲ ದೊಡ್ಡ ವಸ್ತುಸಂಗ್ರಹಾಲಯಗಳಲ್ಲೂ ಜಲವರ್ಣ ಚಿತ್ರಗಳನ್ನು ಮಂದ ಬೆಳಕಿನಲ್ಲೇ ಇಡುವುದು ಇದೇ ಕಾರಣಕ್ಕೆ. ಆಕೆ ದೀಪಕ್ಕೆ ಕೈ ಅಡ್ಡ ಹಿಡಿದು ಗಾಳಿಯಿಂದ ಕಾಪಾಡುತ್ತಿದ್ದಾಳೆ. ಆಕೆಯನ್ನು ಬೆಳಕಿನಿಂದ ಕಾಪಾಡುವ ಕೆಲಸ ನಮ್ಮದು. ಮುಂದೆ ನೀವು ಯಾವುದೇ ಚಿತ್ರಶಾಲೆಗೆ ಹೋದಾಗ ಅಲ್ಲಿನವರು “ಫ್ಲ್ಯಾಶ್ ಹಾಕಬೇಡಿ” ಎಂದರೆ ಬೇಜಾರು ಮಾಡಿಕೊಳ್ಳಬೇಡಿ.

ಈ ರಜೆಯಲ್ಲಿ ಮೈಸೂರಿಗೆ ಹೋಗುವವರಿದ್ದರೆ ಗ್ಯಾಲರಿ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಿ. ಚಿತ್ರದ ಮುಂದೆ ಮೊಬೈಲು ತೆಗೆಯುವ ಮೊದಲು ಒಂದೆರಡು ನಿಮಿಷ ಸುಮ್ಮನೆ ನಿಲ್ಲಿ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಅಷ್ಟಾದರೂ ಸಮಯ ಬೇಕು. ಆಮೇಲೆ ಅಜ್ಜಿಯನ್ನು ಕೇಳಿ: “ಈಕೆ ಯಾರಿಗೆ ದೀಪ ಹಿಡಿದಿದ್ದಾಳೆ?” ಅಜ್ಜಿ ಏನು ಹೇಳುತ್ತಾರೋ ಕೇಳಿಸಿಕೊಳ್ಳಿ. ಅಜ್ಜಿಯ ಬಾಲ್ಯದ ಒಂದು ಕಥೆ ನಿಮಗೆ ಖಂಡಿತ ಸಿಗುತ್ತದೆ, ಅದಕ್ಕೆ ನಾನು ಗ್ಯಾರಂಟಿ.

ಹೋಗಲು ಆಗದವರಿಗೂ ಒಂದು ಕೆಲಸವಿದೆ. ನಿಮ್ಮ ಮನೆಯಲ್ಲೋ, ನೆಂಟರ ಮನೆಯಲ್ಲೋ, ಹೋಟೆಲಿನ ಗೋಡೆಯಲ್ಲೋ ಈ ಚಿತ್ರದ ಪ್ರತಿ ಕಂಡರೆ, ಪಕ್ಕದಲ್ಲಿರುವವರಿಗೆ ಮೆಲ್ಲಗೆ ಹೇಳಿ: “ಇದನ್ನು ಬರೆದವರು ಎಸ್. ಎಲ್. ಹಳದಣಕರ್. ದೀಪ ಹಿಡಿದವರು ಅವರ ಮಗಳು ಗೀತಾ.”